ಒಂದು ತಾಲೀಮು, ಎರಡು ರಂಗಮಂದಿರಗಳು: ಲಂಡನ್ನಿನ 1695–96ರ ಒಂದು ಪ್ರಕರಣ

1696ರಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ 'ದ ಫೀಮೇಲ್ ವಿಟ್ಸ್' ಎಂಬ ಪ್ರಹಸನವೊಂದು ರಂಗಕ್ಕೆ ಬಂದಿತು. ಹೆಸರಿನಲ್ಲಿರುವ ಕೊಂಕನ್ನು ಬಿಡದೆ ಕನ್ನಡಿಸುವುದಾದರೆ ಅದನ್ನು 'ಜಾಣೆಯರು' ಎನ್ನಬಹುದು. ಅದರಲ್ಲಿ ಮೂವರು ಲೇಖಕಿಯರಿದ್ದಾರೆ. ಮೊದಲನೆಯವಳಾದ ಮಾರ್ಸಿಲಿಯಾ ತನ್ನ ಬರಹವನ್ನು ತಾನೇ ಮೆಚ್ಚಿಕೊಳ್ಳುವವಳು, ಹೊಗಳಿಕೆಗೆ ಹಾತೊರೆಯುವವಳು. ಎರಡನೆಯವಳಾದ ಮಿಸೆಸ್ ವೆಲ್‌ಫೆಡ್ ಸ್ಥೂಲಕಾಯದ, ಒಳ್ಳೆಯ ಸ್ವಭಾವದ, ಮದ್ಯದ ಬಟ್ಟಲನ್ನು ಬೇಡವೆನ್ನದ ಹೆಂಗಸು. ಮೂರನೆಯವಳಾದ ಕ್ಯಾಲಿಸ್ಟಾ ಪ್ರಾಚೀನ ಭಾಷೆಗಳನ್ನು ಬಲ್ಲೆನೆಂದು ತೋರಿಸಿಕೊಳ್ಳುವ ವಿಮರ್ಶಕಿ. ಮಾರ್ಸಿಲಿಯಾ ತನ್ನ ದುರಂತ ನಾಟಕದ ತಾಲೀಮಿಗೆ ಬರುತ್ತಾಳೆ, ನಟರಿಗೆ ಹೀಗೆ ಮಾಡಿ ಹಾಗೆ ಮಾಡಿ ಎಂದು ಹೇಳಿಕೊಡುತ್ತಾಳೆ, ಕೊನೆಗೆ ಸಿಟ್ಟಿನಿಂದ ಎದ್ದು ನಾಟಕವನ್ನು ಇನ್ನೊಂದು ರಂಗಮಂದಿರಕ್ಕೇ ಕೊಡುವೆನೆಂದು ಹೊರಟುಹೋಗುತ್ತಾಳೆ. ಅಂದಿನ ಪ್ರೇಕ್ಷಕರಿಗೆ ಈ ಮೂವರು ಯಾರೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಾರ್ಸಿಲಿಯಾ ಎಂದರೆ ಡೆಲರಿವಿಯರ್ ಮ್ಯಾನ್ಲಿ, ವೆಲ್‌ಫೆಡ್ ಎಂದರೆ ಮೇರಿ ಪಿಕ್ಸ್, ಕ್ಯಾಲಿಸ್ಟಾ ಎಂದರೆ ಕ್ಯಾಥರೀನ್ ಟ್ರಾಟರ್. ಮೂವರೂ ಒಂದು ವರ್ಷದೊಳಗೆ ಅದೇ ಡ್ರೂರಿ ಲೇನಿಗೆ ನಾಟಕ ಕೊಟ್ಟಿದ್ದವರು.

ಈ ಪ್ರಹಸನವನ್ನು ಗಂಡಸರು ಬರೆಯುವ ಹೆಂಗಸರನ್ನು ಅಣಕಿಸಿದ ಒಂದು ಉದಾಹರಣೆಯಾಗಿ ಮಾತ್ರ ಓದುವುದು ರೂಢಿ. ಅದು ಸುಳ್ಳಲ್ಲ. ಆದರೆ ಅಷ್ಟಕ್ಕೇ ನಿಂತರೆ ಅಣಕ ಆ ವರ್ಷವೇ, ಆ ಮಂದಿರದಲ್ಲೇ ಏಕೆ ಹುಟ್ಟಿತು, ಹಾಗೂ ಆರು ವರ್ಷಗಳಿಂದ ಹೆಚ್ಚುಕಡಿಮೆ ಖಾಲಿಯಾಗಿದ್ದ ಲೇಖಕಿಯ ಸ್ಥಾನಕ್ಕೆ ಒಮ್ಮೆಲೇ ಇಷ್ಟು ಜನ ಹೇಗೆ ಬಂದರು ಎಂಬ ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ. ನನ್ನ ಓದಿನಲ್ಲಿ ಇವೆರಡಕ್ಕೂ ಉತ್ತರ ಸಿಗುವುದು ಸಾಹಿತ್ಯದ ಅಭಿರುಚಿಯಲ್ಲಲ್ಲ, ಸಂಬಳ ಮತ್ತು ಪಾಲಿನ ಜಗಳದಲ್ಲಿ. ಆ ಜಗಳದ ಕೇಂದ್ರದಲ್ಲಿದ್ದವರಲ್ಲಿ ಇಬ್ಬರು ನಟಿಯರು.

ಹಿನ್ನೆಲೆ

1642ರಲ್ಲಿ ಪಾರ್ಲಿಮೆಂಟು ಮುಚ್ಚಿಸಿದ್ದ ಲಂಡನ್ನಿನ ರಂಗಮಂದಿರಗಳು ಮತ್ತೆ ನೆಲೆ ಕಂಡದ್ದು 1660ರಲ್ಲಿ ಎರಡನೆಯ ಚಾರ್ಲ್ಸ್ ಸಿಂಹಾಸನಕ್ಕೆ ಮರಳಿದ ಮೇಲೆ. ನಾಟಕವಾಡುವ ಹಕ್ಕನ್ನು ಅರಸನು ಥಾಮಸ್ ಕಿಲಿಗ್ರೂ ಮತ್ತು ವಿಲಿಯಂ ಡೇವನೆಂಟ್ ಎಂಬ ಇಬ್ಬರಿಗೆ ಮಾತ್ರ ಕೊಟ್ಟನು. ಅಲ್ಲಿಯವರೆಗೆ ಹುಡುಗರು ಆಡುತ್ತಿದ್ದ ಸ್ತ್ರೀಪಾತ್ರಗಳನ್ನು ಆ ವರ್ಷದ ಕೊನೆಯ ಹೊತ್ತಿಗೆ ಹೆಂಗಸರು ಆಡತೊಡಗಿದರು, ಮತ್ತು 1662ರ ಹಕ್ಕುಪತ್ರದಲ್ಲಿ ಸ್ತ್ರೀಪಾತ್ರವನ್ನು ಸ್ತ್ರೀಯರೇ ವಹಿಸಬೇಕೆಂಬ ಮಾತು ಸೇರಿತು. ಡೇವನೆಂಟನು ತನ್ನ ಕಂಪನಿಯ ಮುಖ್ಯ ನಟಿಯರಲ್ಲಿ ನಾಲ್ವರನ್ನು ತನ್ನ ಮನೆಯಲ್ಲೇ ಇರಿಸಿಕೊಂಡು ಊಟ ವಸತಿ ಕೊಡುತ್ತಿದ್ದನು. ರಂಗದ ಮೇಲೆ ಅವರ ಹೆಸರು ದೊಡ್ಡದಾದರೂ, ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಅವರು ಪಾಲುದಾರರಾಗಿರಲಿಲ್ಲ, ಸಂಬಳದವರಾಗಿದ್ದರು.

ಬರೆಯುವ ಹೆಂಗಸರ ದಾರಿ ಇನ್ನೂ ಇಕ್ಕಟ್ಟಾಗಿತ್ತು. 1670ರಲ್ಲಿ ಆಫ್ರಾ ಬೆನ್ ಅವರ ಮೊದಲ ನಾಟಕ ಲಿಂಕನ್ಸ್ ಇನ್ ಫೀಲ್ಡ್ಸಿನಲ್ಲಿ ಆರು ದಿನ ನಡೆಯಿತು. ಅಂದಿನ ಪದ್ಧತಿಯಂತೆ ಮೂರನೆಯ ದಿನದ ಗಳಿಕೆಯಲ್ಲಿ ಮಂದಿರದ ಖರ್ಚು ಕಳೆದು ಉಳಿದದ್ದು ನಾಟಕ ಬರೆದವರ ಕೈ ಸೇರುತ್ತಿತ್ತು. ಎರಡೇ ದಿನಕ್ಕೆ ನಾಟಕ ಬಿದ್ದುಹೋದರೆ ಬರೆದವರಿಗೆ ಒಂದು ಕಾಸೂ ಇಲ್ಲ. ಈ ಮೂರನೆಯ ದಿನವನ್ನು ನಂಬಿಕೊಂಡು ಸುಮಾರು ಹತ್ತೊಂಬತ್ತು ವರ್ಷ ಬರೆದ ಬೆನ್ 1689ರ ಏಪ್ರಿಲಿನಲ್ಲಿ ತೀರಿಕೊಂಡರು. ಅವರ ಬಳಿಕ ಆ ಜಾಗಕ್ಕೆ ಬೇಗ ಯಾರೂ ಬರಲಿಲ್ಲ, ಅದಕ್ಕೆ ಕಾರಣ ಸರಳವಾದದ್ದು: ಎರಡು ಕಂಪನಿಗಳು 1682ರಲ್ಲೇ ಕೂಡಿ ಒಂದಾಗಿದ್ದವು. ಊರಿಗೆ ಒಂದೇ ಮಂದಿರವಿದ್ದಾಗ ಹಳೆಯ ನಾಟಕಗಳನ್ನೇ ತಿರುಗಿಸಿ ಆಡಿದರೂ ಪ್ರೇಕ್ಷಕರು ಹೋಗಲು ಬೇರೆ ಜಾಗವಿರಲಿಲ್ಲವಾದ್ದರಿಂದ ಹೊಸ ನಾಟಕಕ್ಕೆ ಹಣ ಹಾಕುವ ತುರ್ತು ಮಾಲೀಕರಿಗಿರಲಿಲ್ಲ.

ಒಡಕು

ಒಂದಾಗಿದ್ದ ಕಂಪನಿಯ ಆಡಳಿತ 1693ರ ಹೊತ್ತಿಗೆ ಕ್ರಿಸ್ಟೋಫರ್ ರಿಚ್ ಎಂಬ ವಕೀಲನ ಕೈಗೆ ಬಂದಿತು. ಆತನಿಗೆ ನಾಟಕ ಗೊತ್ತಿರಲಿಲ್ಲ, ಖರ್ಚು ಕಡಿತ ಚೆನ್ನಾಗಿ ಗೊತ್ತಿತ್ತು. ಹಿರಿಯ ನಟರ ಸಂಬಳವನ್ನು ಇಳಿಸಬೇಕಾದರೆ ಮೊದಲು ಅವರ ಬೆಲೆಯನ್ನು ಇಳಿಸಬೇಕು ಎಂಬ ಲೆಕ್ಕಾಚಾರದಿಂದ ಹಿರಿಯರು ಕಟ್ಟಿ ಬೆಳೆಸಿದ ಪಾತ್ರಗಳನ್ನು ಕಿರಿಯರಿಗೆ ಹಂಚುವ ಕ್ರಮವನ್ನು ಆಡಳಿತ ಆರಂಭಿಸಿತು. ಥಾಮಸ್ ಬೆಟರ್ಟನ್ ಅವರ ಪಾತ್ರಗಳನ್ನು ಯುವಕ ಜಾರ್ಜ್ ಪೊವೆಲ್‌ಗೆ ಕೊಡಲಾಯಿತು, ಆತ ಮರುಮಾತಿಲ್ಲದೆ ತೆಗೆದುಕೊಂಡ. ಎಲಿಜಬೆತ್ ಬ್ಯಾರಿ ಅವರ ಪಾತ್ರಗಳನ್ನು ಆನ್ ಬ್ರೇಸ್‌ಗರ್ಡಲ್ ಅವರ ಮುಂದಿಟ್ಟಾಗ ಅವರು ತಮಗೆ ಅವು ಬೇಡವೆಂದು ಹೇಳಿದರು.

ಈ ನಿರಾಕರಣೆಯ ಬಳಿ ಸ್ವಲ್ಪ ನಿಲ್ಲಬೇಕು. ಬ್ಯಾರಿ ಆ ಕಾಲದ ಅತಿ ದೊಡ್ಡ ದುರಂತ ನಟಿ. ಥಾಮಸ್ ಆಟ್ವೆಯ ನಾಟಕಗಳಲ್ಲಿ 1680ರಲ್ಲಿ ಮೋನಿಮಿಯಾ ಆಗಿ, 1682ರಲ್ಲಿ ಬೆಲ್ವಿಡೆರಾ ಆಗಿ ಪ್ರೇಕ್ಷಕರನ್ನು ಅಳಿಸಿದವರು, ಪ್ರೇಕ್ಷಕರಲ್ಲಿ ಕರುಣೆ ಹುಟ್ಟಿಸುವುದರಲ್ಲಿ ಅವರಿಗೆ ಸಮನಾದವರನ್ನು ತಾನು ಕಾಣಲಿಲ್ಲವೆಂದು ಸಹನಟ ಕಾಲಿ ಸಿಬ್ಬರ್ ಮುಂದೆ ಬರೆದುಕೊಂಡಿದ್ದಾನೆ. ಬ್ರೇಸ್‌ಗರ್ಡಲ್ ಅವರಿಗಿಂತ ಚಿಕ್ಕವರು, ಬೆಟರ್ಟನ್ ದಂಪತಿಗಳ ಮನೆಯಲ್ಲಿ ಬೆಳೆದವರು. ಆ ಪಾತ್ರಗಳನ್ನು ಒಪ್ಪಿಕೊಂಡಿದ್ದರೆ ಕಂಪನಿಯ ಮೊದಲ ನಟಿಯ ಸ್ಥಾನ ಅವರದಾಗುತ್ತಿತ್ತು. ಆದರೆ ಇಂದು ಬ್ಯಾರಿಯನ್ನು ಅಗ್ಗವಾಗಿಸಲು ತನ್ನನ್ನು ಬಳಸಿಕೊಂಡವರು ನಾಳೆ ತನ್ನನ್ನು ಅಗ್ಗವಾಗಿಸಲು ಇನ್ನೊಬ್ಬಳನ್ನು ಬಳಸಿಕೊಳ್ಳುತ್ತಾರೆ ಎಂಬುದು ಅವರಿಗೆ ಕಾಣದೆ ಇರಲಿಲ್ಲ. ಸಿಬ್ಬರ್ ಇದನ್ನು ಅವರ ವಿವೇಕವೆಂದು ಕರೆಯುತ್ತಾನೆ. ಪೊವೆಲ್ ಮಾಡಿದ್ದಕ್ಕೂ ಬ್ರೇಸ್‌ಗರ್ಡಲ್ ಮಾಡಿದ್ದಕ್ಕೂ ಇರುವ ಅಂತರವನ್ನು ಈ ಪ್ರಕರಣ ಮುಂದೆ ಮತ್ತೆ ಮತ್ತೆ ತೋರಿಸುತ್ತದೆ.

1694ರ ಡಿಸೆಂಬರಿನಲ್ಲಿ ಹಿರಿಯ ನಟರು ತಮ್ಮ ದೂರುಗಳನ್ನೆಲ್ಲ ಬರೆದು ರಂಗಮಂದಿರಗಳ ಮೇಲ್ವಿಚಾರಣೆ ಹೊತ್ತಿದ್ದ ಲಾರ್ಡ್ ಚೇಂಬರ್ಲಿನ್, ಡಾರ್ಸೆಟ್ಟಿನ ಅರ್ಲ್ ಅವರಿಗೆ ಸಲ್ಲಿಸಿದರು. ಆ ತಿಂಗಳ 28ರಂದು ರಾಣಿ ಮೇರಿ ತೀರಿಕೊಂಡದ್ದರಿಂದ ಶೋಕಾಚರಣೆಗಾಗಿ ನಾಟಕಗಳು ನಿಂತವು, ಆ ಬಿಡುವಿನಲ್ಲಿ ಮಾತುಕತೆಗಳು ನಡೆದವು. 1695ರ ಮಾರ್ಚ್ 25ರಂದು ಬೆಟರ್ಟನ್, ಬ್ಯಾರಿ, ಬ್ರೇಸ್‌ಗರ್ಡಲ್ ಮತ್ತು ಅವರ ಸಂಗಡಿಗರಿಗೆ ಪ್ರತ್ಯೇಕವಾಗಿ ನಾಟಕವಾಡುವ ಪರವಾನಗಿ ದೊರೆಯಿತು. ಟೆನಿಸ್ ಅಂಗಣವೊಂದನ್ನು ರಂಗಮಂದಿರವಾಗಿ ಮಾರ್ಪಡಿಸಿಕೊಂಡು ಏಪ್ರಿಲ್ 30ರಂದು ಲಿಂಕನ್ಸ್ ಇನ್ ಫೀಲ್ಡ್ಸಿನಲ್ಲಿ ವಿಲಿಯಂ ಕಾಂಗ್ರೀವ್ ಅವರ 'ಲವ್ ಫಾರ್ ಲವ್' ನಾಟಕದೊಂದಿಗೆ ಅವರು ಬಾಗಿಲು ತೆರೆದರು. ಅದು ಎಡೆಬಿಡದೆ 13 ದಿನ ನಡೆಯಿತು, ಆ ಕಾಲಕ್ಕೆ ಅದು ದೊಡ್ಡ ಯಶಸ್ಸು. ಹೊಸ ಕಂಪನಿ ಪಾಲುದಾರರದು, ಅದರಲ್ಲಿ ಬ್ಯಾರಿ ಮತ್ತು ಬ್ರೇಸ್‌ಗರ್ಡಲ್ ಪಾಲು ಪಡೆದವರು. ಸಂಬಳದ ನಟಿಯರು ಪಾಲುದಾರರಾದದ್ದು ಹೀಗೆ.

ಪಾಲು ಎಲ್ಲರಿಗೂ ಸಿಗಲಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಹಾಸ್ಯಪಾತ್ರಗಳಲ್ಲಿ ಸಾಟಿಯಿಲ್ಲದವರಾಗಿದ್ದ ಸುಸಾನಾ ವರ್ಬ್ರಗನ್ ಕೂಡ ಹೊರಟವರ ಜೊತೆಗೇ ಇದ್ದರು. ಅವರ ಮೊದಲ ಗಂಡ, ನಟ ವಿಲಿಯಂ ಮೌಂಟ್‌ಫರ್ಟ್, 1692ರ ಡಿಸೆಂಬರಿನಲ್ಲಿ ಬೀದಿಯಲ್ಲಿ ಇರಿತಕ್ಕೆ ಸಿಕ್ಕಿ ಸತ್ತಿದ್ದರು. ಬ್ರೇಸ್‌ಗರ್ಡಲ್ ಅವರನ್ನು ಬಲವಂತವಾಗಿ ಹೊತ್ತೊಯ್ಯಲು ಹೋಗಿ ಸೋತ ಕ್ಯಾಪ್ಟನ್ ಹಿಲ್ ಎಂಬವನು, ಮೌಂಟ್‌ಫರ್ಟ್ ಆಕೆಯ ಪ್ರಿಯನೆಂದು ಕಲ್ಪಿಸಿಕೊಂಡು ಆ ಕೊಲೆ ಮಾಡಿದ್ದ. ಆ ವಿಧವೆ ಮರುಮದುವೆಯಾಗಿ ವರ್ಬ್ರಗನ್ ಎಂಬ ಹೆಸರು ಪಡೆದಿದ್ದರು. ಹೊಸ ಕಂಪನಿಯಲ್ಲಿ ಸಮಪಾಲು ಕೊಡಲು ಮಿಕ್ಕವರು ಒಪ್ಪದೆ ಹೋದಾಗ ಅವರು ಡ್ರೂರಿ ಲೇನಿಗೆ ಮರಳಿದರು. ಬಂಡೆದ್ದವರು ತಮ್ಮೊಳಗೆ ನ್ಯಾಯವನ್ನು ಸರಿಯಾಗಿ ಹಂಚಿಕೊಂಡರೆಂದು ಹೇಳಲಾಗದು.

ಬಾಗಿಲು ತೆರೆದದ್ದು

ಈಗ ಊರಿನಲ್ಲಿ ಎರಡು ಮಂದಿರಗಳು, ಆದರೆ ಪ್ರೇಕ್ಷಕರು ಮೊದಲಿನಷ್ಟೇ. ಡ್ರೂರಿ ಲೇನಿನಲ್ಲಿ ಕಟ್ಟಡವಿತ್ತು, ಪರದೆಗಳಿದ್ದವು, ಉಡುಪುಗಳಿದ್ದವು, ಹೆಸರಾಂತ ನಟರಿರಲಿಲ್ಲ. ಹಳೆಯ ದುರಂತ ನಾಟಕಗಳನ್ನು ಅಲ್ಲಿ ಆಡಿದರೆ ಪ್ರೇಕ್ಷಕರು ಮನಸ್ಸಿನಲ್ಲೇ ಬ್ಯಾರಿ, ಬೆಟರ್ಟನ್ನರಿಗೆ ಹೋಲಿಸುತ್ತಿದ್ದರು, ಸೋಲು ಖಚಿತ. ಹೋಲಿಕೆಗೆ ಸಿಗದ ಹೊಸ ನಾಟಕವೊಂದೇ ಅದಕ್ಕಿದ್ದ ದಾರಿ, ಅದೂ ಬೇಗ, ಅದೂ ಕಡಿಮೆ ಖರ್ಚಿಗೆ. ಬರೆದವರು ಯಾರು ಎಂದು ಕೇಳುವ ಪುರಸೊತ್ತು ಯಾರಿಗೂ ಇರಲಿಲ್ಲ. ಬೆನ್ ಅವರ ಹಳೆಯ ಕಥೆಯೂ ಈ ಹೊತ್ತಿಗೆ ಒದಗಿತು: 1695ರ ನವೆಂಬರಿನಲ್ಲಿ ಥಾಮಸ್ ಸದರ್ನ್ ಅದನ್ನು 'ಒರೂನೊಕೊ' ನಾಟಕವಾಗಿಸಿ ಡ್ರೂರಿ ಲೇನಿಗೆ ಗೆಲುವು ತಂದನು. ಸತ್ತ ಲೇಖಕಿಗೆ ಮೂರನೆಯ ದಿನವಿಲ್ಲ.

ಮರುತಿಂಗಳು ಟ್ರಾಟರ್ ಅವರ 'ಆಗ್ನೆಸ್ ಡಿ ಕ್ಯಾಸ್ಟ್ರೊ' ಅದೇ ರಂಗಕ್ಕೆ ಬಂದಿತು. ಬೆನ್ ಫ್ರೆಂಚಿನಿಂದ ಅನುವಾದಿಸಿದ್ದ ಕಥೆಯೊಂದು ಅದರ ಮೂಲ. ಅಚ್ಚಾದ ಪುಸ್ತಕದಲ್ಲಿ ಬರೆದವರ ಹೆಸರಿರಲಿಲ್ಲ, 'ಒಬ್ಬ ಯುವತಿ' ಎಂದಷ್ಟೇ ಇತ್ತು. ಅದಕ್ಕೆ ಮ್ಯಾನ್ಲಿ ಬರೆದುಕೊಟ್ಟ ಪ್ರಶಂಸೆಯ ಪದ್ಯದಲ್ಲಿ, ಹಿಂದಿನ ಲೇಖಕಿಯರು ಹೋದ ಮೇಲೆ ಬರಿದಾಗಿದ್ದ ಸಿಂಹಾಸನವನ್ನು ಈಕೆ ಏರಿದಳೆಂಬ ಮಾತಿದೆ. 1696ರ ಮಾರ್ಚಿನಲ್ಲಿ ಮ್ಯಾನ್ಲಿ ಅವರ ಹಾಸ್ಯನಾಟಕ 'ದ ಲಾಸ್ಟ್ ಲವರ್', ಅದೇ ವರ್ಷ ಪಿಕ್ಸ್ ಅವರ ದುರಂತ ನಾಟಕ 'ಇಬ್ರಾಹಿಂ' ಮತ್ತು ಪ್ರಹಸನ 'ದ ಸ್ಪ್ಯಾನಿಶ್ ವೈವ್ಸ್' ಡ್ರೂರಿ ಲೇನಿನ ಕಂಪನಿಯಿಂದಲೇ ಪ್ರದರ್ಶನಗೊಂಡವು. (ತನ್ನ ನಾಯಕ ತುರ್ಕಿಯ ಹದಿಮೂರನೆಯ ದೊರೆಯಲ್ಲ, ಹನ್ನೆರಡನೆಯವನು ಎಂಬುದು ಪಿಕ್ಸ್ ಅವರಿಗೆ ತಡವಾಗಿ ತಿಳಿಯಿತು, ಶೀರ್ಷಿಕೆಯಲ್ಲಾದ ಆ ತಪ್ಪನ್ನು ಅವರೇ ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದಾರೆ. ಅವರನ್ನು ಕುಡುಕಿಯೆಂದು ನಕ್ಕ ಪ್ರಹಸನವೂ ಒಳ್ಳೆಯವಳೆಂದು ಒಪ್ಪಬೇಕಾದದ್ದು ಇಂಥ ಸ್ವಭಾವದಿಂದಲೇ ಇರಬೇಕು.) ಎದುರು ಮಂದಿರವೂ ಸುಮ್ಮನಿರಲಿಲ್ಲ. 1695ರಲ್ಲೇ ಅಲ್ಲಿ 'ಅರಿಯಾಡ್ನೆ' ಎಂಬ ಗುಪ್ತನಾಮದ ಲೇಖಕಿಯ ಹಾಸ್ಯನಾಟಕವೊಂದನ್ನು ಆಡಲಾಗಿತ್ತು.

ಮ್ಯಾನ್ಲಿ ಕಂಪನಿ ಬದಲಿಸಿದ್ದು

ಮ್ಯಾನ್ಲಿ ಅವರ ಹಾಸ್ಯನಾಟಕ ಸೋತಿತು. ಅದನ್ನು ಏಳೇ ದಿನಗಳಲ್ಲಿ ಬರೆದೆನೆಂದು ಅವರೇ ಹೇಳಿಕೊಂಡಿದ್ದಾರೆ. ಅದರ ಮುನ್ನುಡಿಯಲ್ಲಿ ನಾಟಕದ ದೋಷಕ್ಕಿಂತ ಹೆಚ್ಚಾಗಿ ಹೆಂಗಸಿನ ನಾಟಕವೆಂಬ ಹೆಸರೇ ಅದನ್ನು ಮುಳುಗಿಸಿತೆಂಬ ದೂರೂ ಇದೆ, ಇನ್ನು ಮುಂದೆ ಬರೆಯುವುದಿಲ್ಲವೆಂಬ ಮಾತೂ ಇದೆ. ಎರಡನೆಯ ಮಾತು ಹೆಚ್ಚು ಕಾಲ ಉಳಿಯಲಿಲ್ಲ. ಅವರ ಬಳಿ ಆಗಲೇ 'ದ ರಾಯಲ್ ಮಿಸ್ಚಿಫ್' ಎಂಬ ದುರಂತ ನಾಟಕವಿತ್ತು. ಪ್ರಹಸನ ಕಟ್ಟಿಕೊಟ್ಟ ಚಿತ್ರದಂತೆ, ಅದರ ತಾಲೀಮು ಡ್ರೂರಿ ಲೇನಿನಲ್ಲಿ ಆರಂಭವಾಗಿ ಜಗಳದಲ್ಲಿ ಮುರಿದುಬಿತ್ತು. 1696ರ ವಸಂತದಲ್ಲಿ ಆ ನಾಟಕ ರಂಗಕ್ಕೆ ಬಂದದ್ದು ಲಿಂಕನ್ಸ್ ಇನ್ ಫೀಲ್ಡ್ಸಿನಲ್ಲಿ.

ಬರೆದವರ ಲಾಭದ ದೃಷ್ಟಿಯಿಂದ ನೋಡಿದರೆ ಮ್ಯಾನ್ಲಿ ಮಾಡಿದ್ದು ಸರಿಯಾದ ಲೆಕ್ಕವೇ. ಆ ನಾಟಕದ ನಾಯಕಿ ಹೋಮೈಸ್ ಆಸೆಯಲ್ಲೂ ಕ್ರೌರ್ಯದಲ್ಲೂ ಮಿತಿಯಿಲ್ಲದ ರಾಣಿ. ಅವಳ ಎದುರಿಗೆ ಬಸ್ಸಿಮಾ ಎಂಬ ಶಾಂತ ಸ್ವಭಾವದ ಇನ್ನೊಬ್ಬ ಹೆಣ್ಣು. ಇಡೀ ನಾಟಕದ ಭಾರ ಈ ಇಬ್ಬರ ಮೇಲೆ ಬೀಳುತ್ತದೆ. ಆವೇಶದ ಪಾತ್ರಕ್ಕೆ ಬ್ಯಾರಿ, ಸೌಮ್ಯ ಪಾತ್ರಕ್ಕೆ ಬ್ರೇಸ್‌ಗರ್ಡಲ್ ಎಂಬ ಜೋಡಿ ಬೇರೆ ಯಾವ ಮಂದಿರದಲ್ಲೂ ಸಿಗುವಂತಿರಲಿಲ್ಲ. ಇಬ್ಬರು ನಟಿಯರಿಗೆ ಸಮತೂಕದ ಪಾತ್ರಗಳಿರುವ ನಾಟಕ ಆ ಕಂಪನಿಗೂ ಬೇಕಾಗಿತ್ತು, ಏಕೆಂದರೆ ಆ ನಟಿಯರೇ ಕಂಪನಿಯ ಪಾಲುದಾರರು. ನಾಟಕ ಆರು ದಿನ ನಡೆಯಿತು. ಅಚ್ಚಾದ ಪುಸ್ತಕದ ಮುನ್ನುಡಿಯಲ್ಲಿ, ಬ್ಯಾರಿ ಈ ಪಾತ್ರದಲ್ಲಿ ತಮ್ಮನ್ನೇ ತಾವು ಮೀರಿಸಿದರೆಂದು ನೋಡಿದವರೆಲ್ಲ ಹೇಳುತ್ತಾರೆಂದು ಮ್ಯಾನ್ಲಿ ಕೃತಜ್ಞತೆಯಿಂದ ಬರೆದರು.

ನಾಟಕದಲ್ಲಿ ನಗಲು ಅವಕಾಶವಿರಲಿಲ್ಲವೆಂದಲ್ಲ. ಕೊನೆಯಲ್ಲಿ ಒಬ್ಬನನ್ನು ಫಿರಂಗಿಯ ಬಾಯಲ್ಲಿಟ್ಟು ಹಾರಿಸಲಾಗುತ್ತದೆ, ಅವನ ಹೆಂಡತಿ ಹೊಗೆಯಾಡುವ ದೇಹದ ತುಂಡುಗಳನ್ನು ಆಯ್ದುಕೊಳ್ಳುತ್ತಾಳೆಂದು ವರದಿ ಬರುತ್ತದೆ. ಆ ಕಾಲದ ದುರಂತ ನಾಟಕಗಳು ಇಂಥ ಭಯಂಕರಗಳಿಗೆ ಒಗ್ಗಿದ್ದವಾದರೂ ಇದು ಸ್ವಲ್ಪ ಅತಿಯೇ.

ಅಣಕ

ಡ್ರೂರಿ ಲೇನಿಗೆ ಅಣಕ ಹೊಸ ಆಯುಧವಲ್ಲ. ಒಡಕಿನ ಆರಂಭದಲ್ಲೇ, ಎದುರು ಮಂದಿರದವರು ತಮ್ಮ ಮೇಲೆ ಪೈಪೋಟಿಗೆ 'ಹ್ಯಾಮ್ಲೆಟ್' ಸಾರಿದಾಗ, ಪೊವೆಲ್ ತರಾತುರಿಯಲ್ಲಿ ಕಾಂಗ್ರೀವ್ ಅವರ 'ದಿ ಓಲ್ಡ್ ಬ್ಯಾಚಲರ್' ಆಡಿಸಿ, ಮುಖ್ಯ ಪಾತ್ರದಲ್ಲಿ ಬೆಟರ್ಟನ್ನರ ಧ್ವನಿ, ನಡಿಗೆ, ಹಾವಭಾವಗಳನ್ನೇ ಅಣಕಿಸಿದ್ದ. ತಾನೂ ಅದೇ ನಾಟಕದಲ್ಲಿ ಎದುರು ಮಂದಿರದ ನಟ ಡಾಗೆಟ್‌ನನ್ನು ಅನುಕರಿಸಿದೆನೆಂದು ಸಿಬ್ಬರ್ ಹೇಳಿಕೊಂಡಿದ್ದಾನೆ. ಹಿರಿಯರ ಪಾತ್ರಗಳನ್ನು ಪಡೆದವನಿಗೆ ಅವರ ಕಲೆ ಬಾರದಿದ್ದಾಗ ಉಳಿಯುವುದು ಅವರ ಅನುಕರಣೆಯೇ. 'ಫೀಮೇಲ್ ವಿಟ್ಸ್' ಈ ಸಾಲಿನಲ್ಲಿ ಬಂದ ಇನ್ನೊಂದು ಹೊಡೆತ. ತಾಲೀಮನ್ನೇ ರಂಗದ ಮೇಲಿಟ್ಟು ಕವಿಯನ್ನು ನಗೆಗೀಡು ಮಾಡುವ ಮಾದರಿಯೂ ಹಳೆಯದು: ಬಕಿಂಗ್‌ಹ್ಯಾಮಿನ ಡ್ಯೂಕ್ 1671ರಲ್ಲಿ ಜಾನ್ ಡ್ರೈಡನ್‌ನನ್ನು ಹೀಗೆಯೇ ಗೇಲಿ ಮಾಡಿದ್ದ. ಗಂಡಸರನ್ನೂ ಬಿಡದ ಮಾದರಿಯದು ಎಂಬುದನ್ನು ಮರೆಯಬಾರದು. ಆದರೆ ಡ್ರೈಡನ್‌ನನ್ನು ನಕ್ಕದ್ದು ಅವನ ಪದ್ಯಕ್ಕಾಗಿ. ಈ ಮೂವರನ್ನು ನಕ್ಕದ್ದು ಪದ್ಯದ ಜೊತೆಗೆ ಮೈಗಾಗಿ, ವಯ್ಯಾರಕ್ಕಾಗಿ, ಓದಿಗಾಗಿ. ವ್ಯತ್ಯಾಸ ಅಲ್ಲಿದೆ.

ಪ್ರಹಸನದಲ್ಲಿ ಡ್ರೂರಿ ಲೇನಿನ ಪೊವೆಲ್ ಮುಂತಾದ ನಟರು ತಮ್ಮದೇ ಹೆಸರಿನಲ್ಲಿ ಕಾಣಿಸಿಕೊಂಡರು. ಇದರಿಂದ ಒಂದು ಉಪಕಾರವಾಗಿದೆ. ಆ ಕಾಲದ ತಾಲೀಮು ಹೇಗಿತ್ತೆಂಬುದಕ್ಕೆ ಉಳಿದಿರುವ ಚಿತ್ರಗಳು ವಿರಳ. ಅಣಕವನ್ನು ಸ್ವಲ್ಪ ಕೆರೆದು ನೋಡಿದರೆ, ನಾಟಕ ಬರೆದ ಹೆಂಗಸು ತಾಲೀಮಿಗೆ ಬಂದು ನಟರ ನಡುವೆ ನಿಂತು ಮಾತಿನ ಏರಿಳಿತವನ್ನೂ ಚಲನೆಯನ್ನೂ ತಿದ್ದುತ್ತಿದ್ದಳು, ಗಂಡಸರಾದ ನಟರು ಮುಸಿಮುಸಿ ನಗುತ್ತಲೇ ಅದನ್ನು ಕೇಳಬೇಕಾಗಿತ್ತು, ಒಪ್ಪಿಗೆಯಾಗದಿದ್ದರೆ ಹಸ್ತಪ್ರತಿಯನ್ನು ಹಿಂತೆಗೆದುಕೊಂಡು ಹೋಗುವ ಶಕ್ತಿ ಅವಳಿಗಿತ್ತು ಎಂಬ ಸಂಗತಿಗಳು ಕಾಣಿಸುತ್ತವೆ. ಊರಿಗೆ ಒಂದೇ ಮಂದಿರವಿದ್ದ 1690ರಲ್ಲಿ ಮಾರ್ಸಿಲಿಯಾಳ ಬೆದರಿಕೆಗೆ ಅರ್ಥವೇ ಇರುತ್ತಿರಲಿಲ್ಲ. ಪ್ರಹಸನಕಾರನಿಗೆ ನಿಜವಾಗಿ ನೋವಾದದ್ದು ಆಕೆಯ ಪದ್ಯದಿಂದಲ್ಲ, ಆಕೆ ಎದ್ದು ಹೋದುದರಿಂದ, ಹೋದ ನಾಟಕ ಎದುರು ಮಂದಿರದಲ್ಲಿ ಆರು ದಿನ ನಡೆದುದರಿಂದ ಎಂದು ನಾನು ಭಾವಿಸುತ್ತೇನೆ. ಪಿಕ್ಸ್ ಮತ್ತು ಟ್ರಾಟರ್ ಡ್ರೂರಿ ಲೇನಿಗೆ ಯಾವ ದ್ರೋಹವನ್ನೂ ಬಗೆದಿರಲಿಲ್ಲ, ಆದರೂ ಅವರನ್ನು ಎಳೆದು ಸೇರಿಸಲಾಯಿತು. ಒಬ್ಬಳ ಮೇಲಿನ ಸಿಟ್ಟು ಮೂವರ ಮೇಲೆ ಹರಡಿದ ಈ ಜಾಗದಲ್ಲಿ ಮಾತ್ರ ವ್ಯಾಪಾರದ ವಿವರಣೆ ಸಾಲದೆ ಹೋಗುತ್ತದೆ.

ಮಾರ್ಸಿಲಿಯಾಳ ಪಾತ್ರ ಮಾಡಿದವರು ಸುಸಾನಾ ವರ್ಬ್ರಗನ್. ಪಾತ್ರಕ್ಕೆ ಬೇಕಾದರೆ ತಮ್ಮ ಚೆಲುವನ್ನು ಮರೆಮಾಡಿ ಕುರೂಪಿಯಾಗಲೂ ಹಿಂಜರಿಯದವರೆಂದು ಸಿಬ್ಬರ್ ಮೆಚ್ಚಿಕೊಂಡ ನಟಿ ಅವರು. ಪಾಲು ಸಿಗದೆ ಲಿಂಕನ್ಸ್ ಇನ್ ಫೀಲ್ಡ್ಸಿನಿಂದ ಡ್ರೂರಿ ಲೇನಿಗೆ ಬಂದವಳು, ಡ್ರೂರಿ ಲೇನಿನಿಂದ ಲಿಂಕನ್ಸ್ ಇನ್ ಫೀಲ್ಡ್ಸಿಗೆ ಹೋದವಳನ್ನು ರಂಗದ ಮೇಲೆ ಆಡಿ ತೋರಿಸಿದಳು. ಈ ಒಂದು ಪಾತ್ರಹಂಚಿಕೆಯಲ್ಲಿ ಇಡೀ ಪ್ರಕರಣ ಅಡಗಿದೆ.

ಆಮೇಲೆ

ಅಣಕದ ಫಲ ಡ್ರೂರಿ ಲೇನಿಗೆ ಅನುಕೂಲವಾಗಲಿಲ್ಲ. 1697ರಲ್ಲಿ ಪಿಕ್ಸ್ ತಮ್ಮ 'ದಿ ಇನೊಸೆಂಟ್ ಮಿಸ್ಟ್ರೆಸ್' ಹಾಸ್ಯನಾಟಕವನ್ನು ಬ್ಯಾರಿ, ಬ್ರೇಸ್‌ಗರ್ಡಲ್ ಅವರ ಕಂಪನಿಗೆ ಕೊಟ್ಟರು, 1698ರಲ್ಲಿ ಟ್ರಾಟರ್ 'ಫೇಟಲ್ ಫ್ರೆಂಡ್‌ಶಿಪ್' ಅನ್ನು ಅಲ್ಲಿಗೇ ಕೊಟ್ಟರು. 1697ರಲ್ಲಿ ಇನ್ನೊಂದು ಗಲಾಟೆಯೂ ಆಯಿತು: ಪಿಕ್ಸ್ ಡ್ರೂರಿ ಲೇನಿಗೆ ಓದಲು ಕೊಟ್ಟಿದ್ದ ಹಸ್ತಪ್ರತಿಯ ಕಥೆ ಪೊವೆಲ್ ಹೆಸರಿನ ನಾಟಕವಾಗಿ ಅಲ್ಲಿ ಪ್ರದರ್ಶನಗೊಂಡಿತೆಂಬ ಆರೋಪ ಬಂದಿತು. ಪಿಕ್ಸ್ ತಮ್ಮ ನಾಟಕವನ್ನು 'ದ ಡಿಸೀವರ್ ಡಿಸೀವ್ಡ್' ಎಂಬ ಹೆಸರಿನಲ್ಲಿ ಎದುರು ಮಂದಿರದಲ್ಲಿ ಆಡಿಸಿದರು. ಪಾತ್ರಗಳನ್ನು ಮರುಮಾತಿಲ್ಲದೆ ತೆಗೆದುಕೊಂಡಿದ್ದ ಪೊವೆಲ್ ಹೀಗೆ ಕಥೆಯ ವಿಷಯದಲ್ಲೂ ಅದೇ ಹೆಸರು ಪಡೆದನು.

'ಫೀಮೇಲ್ ವಿಟ್ಸ್' ಅಚ್ಚಾದದ್ದು 1704ರಲ್ಲಿ. ಬರೆದವನ ಜಾಗದಲ್ಲಿ ಎರಡು ಇನಿಶಿಯಲ್‌ಗಳಷ್ಟೇ ಇದ್ದವು. ಹೆಂಗಸರ ಹೆಸರಿಲ್ಲದ ಪುಸ್ತಕಗಳು ಅಂದು ಸಾಮಾನ್ಯವಾಗಿದ್ದವು, ಅವರನ್ನು ನಕ್ಕವನೂ ಹೆಸರು ಹೇಳಲಿಲ್ಲ.

ಮ್ಯಾನ್ಲಿ ಹತ್ತು ವರ್ಷ ರಂಗಭೂಮಿಯ ಕಡೆ ಹೊಸ ನಾಟಕದೊಂದಿಗೆ ಬರಲಿಲ್ಲ. 1706ರ ಡಿಸೆಂಬರಿನಲ್ಲಿ ಹೇಮಾರ್ಕೆಟ್ಟಿನ ಹೊಸ ಮಂದಿರದಲ್ಲಿ ಅವರ 'ಅಲ್ಮೈನಾ' ರಂಗಕ್ಕೆ ಬಂದಾಗ ನಾಯಕಿಯ ಪಾತ್ರವನ್ನು ಎಲಿಜಬೆತ್ ಬ್ಯಾರಿಯೇ ವಹಿಸಿದರು, ಜೊತೆಗೆ ಆನ್ ಬ್ರೇಸ್‌ಗರ್ಡಲ್ ಇದ್ದರು. ಎರಡು ತಿಂಗಳ ಬಳಿಕ, 1707ರ ಫೆಬ್ರವರಿಯಲ್ಲಿ, ಬ್ರೇಸ್‌ಗರ್ಡಲ್ ರಂಗದಿಂದ ನಿವೃತ್ತರಾದರು.